‘ಅದು ಡಾಕ್ಟ್ರ ಭಾಷೆ’ ಅನ್ನೋದನ್ನ ಇವತ್ತೇ ಬಿಡಿ

1/5
ಫ್ರೆಂಡ್ಸ್, ನೇರವಾಗಿ ಹೇಳ್ತೀನಿ. ಆಸ್ಪತ್ರೆ ರಿಪೋರ್ಟ್ ಕೈಗೆ ಬಂದ ಕೂಡಲೇ "ಇದೆಲ್ಲ ಡಾಕ್ಟ್ರ ಭಾಷೆ, ನಮಗ್ಯಾಕೆ" ಅಂತ ಮಡಚಿ ಕವರ್‌ಗೆ ಹಾಕ್ತೀವಲ್ಲ, ಅದು ವಿನಯ ಅಲ್ಲ, ಸೋಮಾರಿತನ. ಡಿಪ್ರಿಸಿಯೇಷನ್, ಅಮಾರ್ಟೈಸೇಷನ್ ಅಂತ ಬಾಯಿಪಾಠ ಮಾಡಿ ಪಾಸಾದ ಬಿಕಾಂನವರಿಗೆ ಗ್ರೀಕಿನ ನಾಲ್ಕು ಬೇರು ಕಷ್ಟನಾ? ಈ ಸರಣಿ ಪೂರ್ತಿ ತಲೆ ಬಗ್ಗೆ.

2/5
ಗ್ರೀಕಿನಲ್ಲಿ ‘ಕೆಫಲೆ’ ಅಂದ್ರೆ ತಲೆ. ‘ಕ್ರಾನಿಯಾನ್’ ಅಂದ್ರೆ ತಲೆಬುರುಡೆ. ಬಂಡವಾಳ ಇಷ್ಟೇ, ಈಗ ಲಾಭ ನೋಡಿ.
👉 ‘ಎನ್’ ಅಂದ್ರೆ ಒಳಗೆ. ತಲೆಯೊಳಗಿರೋದು ಮೆದುಳು. ‘ಐಟಿಸ್’ ಅಂದ್ರೆ ಉರಿಯೂತ. ಎನ್ಸೆಫಲೈಟಿಸ್ ಅಂದ್ರೆ ಮೆದುಳಿನ ಉರಿಯೂತ. ಸೊಳ್ಳೆಯಿಂದ ಬರೋ ಜಪಾನೀಸ್ ಎನ್ಸೆಫಲೈಟಿಸ್‌ಗೆ ನಮ್ಮಲ್ಲಿ ‘ಮೆದುಳು ಜ್ವರ’ ಅಂತಾರಲ್ಲ, ಅದೇ.
👉 ‘ಹೈಡ್ರೊ’ ನೀರು. ಹೈಡ್ರೊಸೆಫಲಸ್ ಅಂದ್ರೆ ಮೆದುಳಿನ ಒಳಗೆ ದ್ರವ ಹೆಚ್ಚಾಗಿ ತುಂಬಿಕೊಳ್ಳೋದು.
👉 ‘ಟಮಿ’ ಕೊಯ್ಯೋದು, ‘ಎಕ್ಟಮಿ’ ತೆಗೆದುಹಾಕೋದು. ಕ್ರೇನಿಯಾಟಮಿಯಲ್ಲಿ ಬುರುಡೆಯ ಮೂಳೆಯ ತುಂಡು ತೆಗೆದು, ಆಪರೇಷನ್ ಮುಗಿಸಿ, ಮತ್ತೆ ಕೂರಿಸ್ತಾರೆ. ಕ್ರೇನಿಯೆಕ್ಟಮಿಯಲ್ಲಿ ಆಗಲೇ ಕೂರಿಸೋದಿಲ್ಲ. ಅಂದ್ರೆ ಮನೆಗೆ ಬಂದವರ ತಲೆಯಲ್ಲಿ ಒಂದು ಕಡೆ ಮೂಳೆಯೇ ಇಲ್ಲದೆ ಇರಬಹುದು. ಅಲ್ಲಿ ಪೆಟ್ಟು ಬೀಳದ ಹಾಗೆ ನೋಡ್ಕೋಬೇಕಾದವರು ಯಾರು? ಮನೆಯವರು. ಒಂದೆರಡು ಅಕ್ಷರದ ವ್ಯತ್ಯಾಸ, ಈಗ ಹೇಳಿ ‘ನಮಗ್ಯಾಕೆ’ ಅಂತ!

3/5
"ನಂಗೆ ಮೈಗ್ರೇನ್" ಅಂದ್ರೆ ರಜೆ ಸಿಗುತ್ತೆ, "ಅರೆತಲೆನೋವು" ಅಂದ್ರೆ "ನಾಟಕ ಮಾಡ್ಬೇಡ" ಅಂತಾರೆ. ಮೈಗ್ರೇನ್ ಎಲ್ಲಿಂದ ಬಂತು ಗೊತ್ತಾ? ‘ಹೆಮಿ’ ಅಂದ್ರೆ ಅರ್ಧ. ‘ಹೆಮಿಕ್ರಾನಿಯಾ’, ಅರ್ಧ ತಲೆಯ ನೋವು. ಅದು ಲ್ಯಾಟಿನ್‌ಗೆ ಹೋಗಿ, ಫ್ರೆಂಚರ ಬಾಯಲ್ಲಿ ಸವೆದು ‘ಮೈಗ್ರೇನ್’ ಆಯ್ತು. ಗ್ರೀಕರು ಹೇಳಿದ್ದನ್ನೇ ನಮ್ಮಜ್ಜಿ ಕನ್ನಡದಲ್ಲಿ ಹೇಳಿದ್ದು. ಒಂದಕ್ಕೆ ಮರ್ಯಾದೆ, ಇನ್ನೊಂದಕ್ಕೆ ನಗು. ಇದ್ಯಾವ ನ್ಯಾಯ?

4/5
ಬಿಸಿನೆಸ್ ಲಾ ನೆನಪಿದ್ಯಾ? 1872ರ ಭಾರತೀಯ ಒಪ್ಪಂದ ಕಾಯ್ದೆ, ಸೆಕ್ಷನ್ 13. ಇಬ್ಬರೂ ಒಂದೇ ವಿಷಯಕ್ಕೆ, ಒಂದೇ ಅರ್ಥದಲ್ಲಿ ಒಪ್ಪಿದ್ರೆ ಮಾತ್ರ ಅದು ಸಮ್ಮತಿ. ಹಾಗಿದ್ರೆ ‘ಕ್ರೇನಿಯೆಕ್ಟಮಿ’ ಅಂತ ಇಂಗ್ಲಿಷ್‌ನಲ್ಲಿ ಬರೆದ ಫಾರ್ಮ್‌ಗೆ, ಅರ್ಥವೇ ಗೊತ್ತಿಲ್ಲದ ಅಪ್ಪನ ಹತ್ರ ಸಹಿ ಹಾಕಿಸ್ಕೊಂಡ್ರೆ ಅದೆಂಥ ಸಮ್ಮತಿ? 2008ರಲ್ಲಿ ಸಮೀರಾ ಕೊಹ್ಲಿ ಕೇಸ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ: ಏನು ಚಿಕಿತ್ಸೆ, ಯಾಕೆ, ಅಪಾಯ ಏನು, ಬೇರೆ ದಾರಿ ಇದ್ಯಾ ಅಂತ ರೋಗಿಗೆ ಸಾಕಷ್ಟು ತಿಳಿಸಿ ಒಪ್ಪಿಗೆ ಪಡೀಬೇಕು. ಅರ್ಥ ಆಗದ ಭಾಷೇಲಿ ಹೇಳಿದ್ರೆ ಅದು ತಿಳಿಸಿದ ಹಾಗಾ?

5/5
"ಡಾಕ್ಟ್ರಿಗೆ ಜಗತ್ತಿಗೆಲ್ಲ ಒಂದೇ ಪದ ಬೇಕಲ್ವಾ?" ಬೇಕು, ಖಂಡಿತ. ಅವರವರ ನಡುವೆ ಇಟ್ಕೊಳ್ಳಲಿ. ರೋಗಿ ಮುಂದೆ ಬಿಡಿಸಿ ಹೇಳಲಿ. ಹಾಗಂತ ಗ್ರೀಕ್ ತೆಗೆದು ಅಷ್ಟೇ ಉದ್ದದ ಸಂಸ್ಕೃತ ಪದ ತುರುಕಿದ್ರೆ ಏನೂ ಬದಲಾಗಲ್ಲ. ‘ತಲೆಬುರುಡೆ’ ಸಾಕು. ಕನ್ನಡದಲ್ಲಿ ಆಗಲ್ಲ ಅನ್ನೋರಿಗೆ ಒಂದು ಹೆಸರು: ಡಾ. ಡಿ.ಎಸ್. ಶಿವಪ್ಪ. ವೈದ್ಯಕೀಯ ಪದಗಳ ಹುಟ್ಟು, ರಚನೆಯನ್ನ ಕನ್ನಡದಲ್ಲಿ ಬಿಡಿಸಿಟ್ಟ ಪದಕೋಶವನ್ನೇ ಮಾಡಿದ್ದಾರೆ.

ನಾಲ್ಕು ಬೇರು ಕಲಿತ ಮಾತ್ರಕ್ಕೆ ನಾವು ಡಾಕ್ಟ್ರಾಗಲ್ಲ, ಮನೇಲಿ ಕೂತು ರೋಗ ಕಂಡುಹಿಡೀಬೇಡಿ. ಆದ್ರೆ ಪ್ರಶ್ನೆ ಕೇಳೋಕೆ ಬರುತ್ತೆ. ಸಹಿ ಹಾಕೋ ಮುಂಚೆ ಇಷ್ಟು ಕೇಳಿ: "ಸಾರ್, ಎಲ್ಲಿ ಕೊಯ್ತೀರಾ, ಏನು ತೆಗೀತೀರಾ, ವಾಪಸ್ ಇಡ್ತೀರಾ? ಕನ್ನಡದಲ್ಲಿ ಹೇಳಿ."

ಸೇವ್ ಮಾಡ್ಕೊಳ್ಳಿ. ಮನೆ ಗ್ರೂಪ್‌ಗೂ ಕಳಿಸಿ.
#ಕನ್ನಡದಲ್ಲಿಹೇಳಿ #ಅರೆತಲೆನೋವು #ಬಿಕಾಂಬಳಗ