ಐವತ್ತೆರಡು ವಾರ, ನೂರನಾಲ್ಕು ಕಾರ್ಡು



ಪರದೇಶಕ್ಕೆ ಹೋದವರ ಬಗ್ಗೆ ನಾವು ಹಿರಿಯರು ಕೇಳುವ ಪ್ರಶ್ನೆಗಳು ಮೂರೇ ಮೂರು. ಸಂಬಳ ಎಷ್ಟು? ಊಟಕ್ಕೇನು ಮಾಡುತ್ತಾರೆ? ವಾಪಸ್ ಯಾವಾಗ ಬರುತ್ತಾರೆ? ಅಲ್ಲಿ ಅವರ ಒಂದು ಮಾಮೂಲಿ ಮಂಗಳವಾರ ಹೇಗೆ ಕಳೆಯುತ್ತದೆ ಎಂದು ಯಾರೂ ಕೇಳುವುದಿಲ್ಲ. ನಿಮ್ಮಲ್ಲಿ ಹಲವರು ಡಿಸೈನ್, ಅನಿಮೇಷನ್, ಆರ್ಕಿಟೆಕ್ಚರ್ ಓದುತ್ತಿದ್ದೀರಿ. ನಾಳೆ ವಿಮಾನ ಹತ್ತುವವರೂ ಇದ್ದೀರಿ. ಅದಕ್ಕೇ ಈ ಸಲ, ಹುಟ್ಟಿದ ದೇಶ ಬಿಟ್ಟು ಬೇರೆ ಕಡೆ ನೆಲೆಸಿದ ಇಬ್ಬರು ಡಿಸೈನರ್ ಹೆಣ್ಣುಮಕ್ಕಳ ಮಾಮೂಲಿ ದಿನಗಳ ಕಥೆ ಹೇಳುತ್ತೇನೆ. ಆ ದಿನಗಳೇ ಅವರಿಗೆ ಹೆಸರು ತಂದುಕೊಟ್ಟವು ಎಂಬುದು ಇದರಲ್ಲಿನ ಸ್ವಾರಸ್ಯ.

ಜಾರ್ಜಿಯಾ ಲೂಪಿ ಇಟಲಿಯವರು. ವಾಸ್ತುಶಿಲ್ಪ ಓದಿ, ನ್ಯೂಯಾರ್ಕಿಗೆ ಹೋಗಿ ನೆಲೆಸಿದವರು. ಸ್ಟೆಫನಿ ಪೋಸಾವೆಕ್ ಅಮೆರಿಕದ ಕೊಲರಾಡೊ ರಾಜ್ಯದವರು. ಅವರು ಹೋಗಿ ಸೇರಿದ್ದು ಲಂಡನ್ನಿಗೆ. ಒಬ್ಬರು ಅಟ್ಲಾಂಟಿಕ್ ದಾಟಿ ಆಚೆ ಹೋದರೆ ಇನ್ನೊಬ್ಬರು ಈಚೆ ಬಂದರು! ಇಬ್ಬರದೂ ಸರಿಸುಮಾರು ಒಂದೇ ವಯಸ್ಸು, ತಂದೆತಾಯಿಗೆ ಇಬ್ಬರೂ ಒಬ್ಬೊಬ್ಬರೇ ಮಕ್ಕಳು. ಇಬ್ಬರ ಕಸುಬೂ ಒಂದೇ: ಅಂಕಿಅಂಶಗಳನ್ನು ಕಣ್ಣಿಗೆ ಕಾಣುವ ಚಿತ್ರಗಳಾಗಿ ಮಾಡುವುದು. ಮಿನಿಯಾಪೊಲಿಸ್ ನಗರದ ಒಂದು ಸಮಾವೇಶದಲ್ಲಿ ಪರಿಚಯವಾದ ಇವರು ಮುಖಾಮುಖಿ ಭೇಟಿಯಾದದ್ದು ಕೇವಲ ಎರಡು ಸಲ. ಅಷ್ಟರಲ್ಲೇ, ಒಂದು ವರ್ಷ ಪ್ರತಿ ವಾರವೂ ಪರಸ್ಪರ ಒಂದೊಂದು ಅಂಚೆಕಾರ್ಡು ಬರೆಯೋಣ ಎಂದು ನಿಶ್ಚಯಿಸಿಕೊಂಡರು. 2014ರ ಸೆಪ್ಟೆಂಬರಿನಲ್ಲಿ ಶುರುವಾದ ಈ ಯೋಜನೆಯ ಹೆಸರು ‘ಡಿಯರ್ ಡೇಟಾ’.

ನಿಯಮ ಸರಳ. ಪ್ರತಿ ವಾರಕ್ಕೂ ಒಂದು ವಿಷಯ. ಸೋಮವಾರದಿಂದ ಏಳು ದಿನ ಆ ವಿಷಯದ ಲೆಕ್ಕ ಇಡಬೇಕು. ವಾರದ ಕೊನೆಗೆ ಅದನ್ನು ಕೈಯಿಂದಲೇ ಬಣ್ಣದ ಪೆನ್ನು, ಪೆನ್ಸಿಲುಗಳಲ್ಲಿ ಚಿತ್ರ ಮಾಡಬೇಕು. ಕಾರ್ಡಿನ ಒಂದು ಮಗ್ಗುಲಿಗೆ ಚಿತ್ರ, ಇನ್ನೊಂದು ಮಗ್ಗುಲಿಗೆ ವಿಳಾಸ ಮತ್ತು ಚಿತ್ರವನ್ನು ಓದುವ ಬಗೆ: ಈ ಬಣ್ಣ ಎಂದರೆ ಇದು, ಈ ಗೆರೆ ಎಂದರೆ ಅದು. ಆಮೇಲೆ ಡಬ್ಬಿಗೆ ಹಾಕಿ ಕಾಯುವುದು. ಇಬ್ಬರೂ ಗಣಕಯಂತ್ರದಲ್ಲಿ ನುರಿತವರಾಗಿದ್ದೂ ಇಲ್ಲಿ ಕೈಬರಹವನ್ನೇ ಹಿಡಿದರು.

ವಿಷಯಗಳಾದರೂ ಎಂಥವು! ಮೊದಲನೇ ವಾರ, ಗಡಿಯಾರ ಎಷ್ಟು ಸಲ ನೋಡಿದೆ ಎಂಬುದು. ಆಮೇಲೆ ಮಾಡಿದ ಗೊಣಗಾಟ, ಕೊಂಡ ಸಾಮಾನು, ಕನ್ನಡಿ ನೋಡಿಕೊಂಡದ್ದು, ನಕ್ಕದ್ದು, ದಾಟಿದ ಬಾಗಿಲುಗಳು. ಐವತ್ತೆರಡನೇ ವಾರ, ವಿದಾಯಗಳು. ಲೂಪಿಯವರ ಗಡಿಯಾರದ ಕಾರ್ಡಿನಲ್ಲಿ ಒಂದೊಂದು ಸಣ್ಣ ಗೆರೆಯೂ ಒಂದೊಂದು ಸಲ ಗಂಟೆ ನೋಡಿದ್ದು. ಜೊತೆಗೆ ಯಾಕೆ ನೋಡಿದೆ ಎಂಬ ಗುರುತು: ಬೇಸರಕ್ಕೋ, ಹಸಿವೆಗೋ, ಅಥವಾ ಸುಮ್ಮನೆ ಕಣ್ಣು ಹೋಯಿತೋ ಎಂದು. ಎಷ್ಟು ಸಲ ಎಂಬುದಕ್ಕಿಂತ ಈ ‘ಯಾಕೆ’ಯಲ್ಲೇ ಮನುಷ್ಯ ಸಿಗುತ್ತಾನೆ, ಅಲ್ಲವೇ?

ಇನ್ನೊಂದು ವಾರ ‘ಥ್ಯಾಂಕ್ಯೂ’ಗಳ ಲೆಕ್ಕ. ಆ ವಾರ ತನಗೇನು ತಿಳಿಯಿತು ಎಂದು ಲೂಪಿ 2017ರ ಒಂದು ಟೆಡ್ ಭಾಷಣದಲ್ಲಿ ಹೇಳಿಕೊಂಡಿದ್ದಾರೆ. ಹೋಟೆಲಿನ ಮಾಣಿಗಳಿಗೆ, ಗುರುತುಪರಿಚಯ ಇಲ್ಲದವರಿಗೆ ಆಕೆ ಮಾತುಮಾತಿಗೂ ಥ್ಯಾಂಕ್ಯೂ ಹೇಳುತ್ತಿದ್ದರಂತೆ. ಹತ್ತಿರದವರಿಗೆ ಹೇಳಿದ್ದು ಮಾತ್ರ ತೀರ ಕಡಿಮೆ. ಇದನ್ನು ಯಾರೂ ಬುದ್ಧಿವಾದವಾಗಿ ಹೇಳಲಿಲ್ಲ. ಅವರದೇ ಕಾರ್ಡಿನ ಬಣ್ಣಗಳು ಹೇಳಿದವು.

ವರ್ಷ ತುಂಬುವಾಗ ಒಟ್ಟು 104 ಕಾರ್ಡುಗಳಾದವು. ಅವುಗಳ ಪುಸ್ತಕ 2016ರಲ್ಲಿ ಬಂತು. ಅದೇ ವರ್ಷ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್, ಅಂಚೆ ಮುದ್ರೆ ಬಿದ್ದ ಆ ಮೂಲ ಕಾರ್ಡುಗಳನ್ನೇ ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಎರಡು ಸಲ ಭೇಟಿಯಾದವರು ಗೆಳತಿಯರಾದರು.

ಈಗ ನಿಮಗೆ ಇಷ್ಟವಾಗುವ ಸಂಗತಿಗೆ ಬರುತ್ತೇನೆ. “ಕಾಕೂ, ನೀವು ಯಾವಾಗಲೂ ಪಾಪ್ ಸಂಗೀತ ಅಂದ್ರೆ ಮೂಗು ಮುರಿತೀರಿ” ಎನ್ನುತ್ತೀರಲ್ಲ, ಕೇಳಿ. ಓಕೆ ಗೋ ಎಂಬ ಅಮೆರಿಕದ ರಾಕ್ ತಂಡ ಗೊತ್ತಲ್ಲ? ಟ್ರೆಡ್‌ಮಿಲ್ಲುಗಳ ಮೇಲೆ ಕುಣಿದು 2006ರಲ್ಲಿ ಜಗತ್ತನ್ನೆಲ್ಲ ನಗಿಸಿದವರು. 2010ರಲ್ಲಿ ಬಂದ ಅವರ ಆಲ್ಬಮ್ಮಿನ ಹೆಸರು ‘ಆಫ್ ದ ಬ್ಲೂ ಕಲರ್ ಆಫ್ ದ ಸ್ಕೈ’. ಅದು 1876ರಲ್ಲಿ ಪ್ಲೆಸನ್‌ಟನ್ ಎಂಬಾತ ಬರೆದ ಪುಸ್ತಕವೊಂದರಿಂದ ಬಂದ ಹೆಸರು. ನೀಲಿ ಬೆಳಕಿನಿಂದ ಬೆಳೆಗಳು ಹುಲುಸಾಗುತ್ತವೆ, ರೋಗಗಳು ಗುಣವಾಗುತ್ತವೆ ಎಂದು ಆ ಮಹಾಶಯ ನಂಬಿದ್ದ! ಆ ಹಳೆಯ ಪುಸ್ತಕದ ವಾಕ್ಯಗಳನ್ನೇ ಅಳೆದು ಎಣಿಸಿ, ಆಲ್ಬಮ್ಮಿನ ಮುಖಚಿತ್ರ ಮಾಡಿಕೊಟ್ಟವರು ಪೋಸಾವೆಕ್ ಮತ್ತು ಗ್ರೆಗ್ ಮ್ಯಾಕಿನರ್ನಿ.

ಅದಕ್ಕೂ ಮೊದಲು, ಲಂಡನ್ನಿನಲ್ಲಿ ಎಂ.ಎ. ಓದುವಾಗ, ಪೋಸಾವೆಕ್ ತಮಗೆ ಪ್ರಿಯವಾದ ಒಂದು ಕಾದಂಬರಿಯನ್ನು ಎತ್ತಿಕೊಂಡಿದ್ದರು. ಜಾಕ್ ಕೆರುವಾಕ್‌ನ ‘ಆನ್ ದ ರೋಡ್’, 1957ರ ಪುಸ್ತಕ. ಅದರ ಮೊದಲ ಭಾಗವನ್ನು ಅಧ್ಯಾಯ, ಪ್ಯಾರಾ, ವಾಕ್ಯ, ಪದ ಎಂದು ಕೈಯಾರೆ ಬಿಡಿಸಿ ಎಣಿಸಿ, ಗಿಡದ ಟೊಂಗೆಗಳ ಹಾಗೆ ಬರೆದರು. ಪ್ರವಾಸದ ವಾಕ್ಯಕ್ಕೆ ಒಂದು ಬಣ್ಣ, ಸಂಗೀತದ್ದಕ್ಕೆ ಇನ್ನೊಂದು. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ ನನಗೆ ಇದು ಬಹಳ ಹಿಡಿಸಿತು. ನಾವೂ ಗ್ರಾಮರ್ ತರಗತಿಯಲ್ಲಿ ವಾಕ್ಯಗಳನ್ನು ಹೀಗೇ ಕತ್ತರಿಸುತ್ತಿದ್ದೆವು. ಆದರೆ ಅದರಿಂದ ಹೂವು ಅರಳೀತು ಎಂದು ಯಾವ ಮೇಷ್ಟರೂ ಹೇಳಲಿಲ್ಲ! ಮೆಚ್ಚಿದ ಪುಸ್ತಕವನ್ನೋ ಹಾಡನ್ನೋ ‘ಲೈಕ್’ ಒತ್ತಿ ಮುಂದೆ ಹೋಗುವುದು ಸುಲಭ. ಒಂದೊಂದು ಸಾಲಿನ ಮುಂದೆಯೂ ಕೂತು ಎಣಿಸಿದವಳಿಗೆ ಅದು ದಕ್ಕುವ ರೀತಿಯೇ ಬೇರೆ.

ಇದೆಲ್ಲ ಕೆಲಸವಿಲ್ಲದವರ ಆಟ ಎಂದುಕೊಳ್ಳಬೇಡಿ. 2019ರಲ್ಲಿ ಪೆಂಟಗ್ರಾಂ ಎಂಬ ಪ್ರಸಿದ್ಧ ಡಿಸೈನ್ ಸಂಸ್ಥೆಯ ಪಾಲುದಾರರಾದ ಲೂಪಿಯವರಿಗೆ 2020ರ ಮಾರ್ಚಿನಲ್ಲಿ ಕೋವಿಡ್ ಬಂತು. ಜ್ವರ ಹೋದರೂ ಕಾಯಿಲೆ ಹೋಗಲಿಲ್ಲ. ಲಾಂಗ್ ಕೋವಿಡ್ ಎನ್ನುತ್ತಾರಲ್ಲ, ಅದು. ಆಕೆ ದಿನದಿನದ ತೊಂದರೆಗಳನ್ನು ಬರೆದಿಡುತ್ತ ಹೋದರು. 2023ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಆ ಲೆಕ್ಕವನ್ನು ಕುಂಚದ ಗೀಟುಗಳಾಗಿ ಪ್ರಕಟಿಸಿದರು. 1,374 ದಿನಗಳ ನೋವು, ಗೀಟಿನ ಮೇಲೆ ಗೀಟಾಗಿ. ಹೊರಗಿನಿಂದ ನೋಡಿದವರಿಗೆ ಆರಾಮವಾಗಿಯೇ ಕಾಣುವ ರೋಗಿಯ ಒಳಗೇನು ನಡೆದಿದೆ ಎಂದು ಆ ಗೀಟುಗಳನ್ನು ನೋಡಿದರೆ ಅರ್ಥವಾಗುತ್ತದೆ.

ನಿಮ್ಮ ಮೊಬೈಲೂ ನಿಮ್ಮ ಲೆಕ್ಕ ಇಡುತ್ತದೆ. ಎಷ್ಟು ಹೆಜ್ಜೆ ನಡೆದಿರಿ, ಎಷ್ಟು ಗಂಟೆ ಪರದೆ ನೋಡಿದಿರಿ ಎಂದು. ಆದರೆ ಆ ಹೆಜ್ಜೆಗಳನ್ನು ಲೋಕಲ್ ಟ್ರೈನ್ ಹಿಡಿಯಲು ಹಾಕಿದಿರೋ, ಮನೆಗೆ ಬೇಗ ಹೋಗಲು ಮನಸ್ಸಾಗದೆ ಹಾಕಿದಿರೋ, ಅದಕ್ಕೇನು ಗೊತ್ತು?

ಹಾಗೆ ನೋಡಿದರೆ ಈ ವಿದ್ಯೆ ನಮ್ಮ ಮನೆಗಳಿಗೆ ಹೊಸದಲ್ಲ. ಧಾರವಾಡದಲ್ಲಿ ನನ್ನ ಅವ್ವ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಇಡುತ್ತಿದ್ದಳು. ಒಂದು ಗೀಟಾದರೆ ಒಂದು ಲೀಟರು, ಅರ್ಧ ಗೀಟಾದರೆ ಅರ್ಧ, ಸೊನ್ನೆ ಹಾಕಿದರೆ ಹಾಲು ಬೇಡ. ಆ ಚೌಕಗಳನ್ನು ಓದಲು ಬಂದವರಿಗೆ ಮನೆಯ ಚರಿತ್ರೆಯೇ ಸಿಗುತ್ತಿತ್ತು. ಮೂರು ಗೀಟಿದ್ದರೆ ಬೀಗರು ಬಂದಿದ್ದರು, ಸಾಲಾಗಿ ಸೊನ್ನೆಗಳಿದ್ದರೆ ಎಲ್ಲರೂ ಊರಿಗೆ ಹೋಗಿದ್ದೆವು. ಇನ್ನು ಚುಕ್ಕಿ ರಂಗೋಲಿಯಂತೂ ಲೆಕ್ಕವೇ. ಒಂದು ಚುಕ್ಕಿ ತಪ್ಪಿದರೆ ಗೆರೆ ಕೂಡುವುದಿಲ್ಲ.

ಇವರಿಬ್ಬರ ಕಥೆ ಕೇಳಿ ನನ್ನ ಮಗಳು ತಾನೂ ಒಂದು ವಾರ ಮಾಡಿದಳು. ಅವಳು ಆರಿಸಿಕೊಂಡ ವಿಷಯ: ‘ನಾನು ಯಾರ ಜೊತೆ, ಯಾಕೆ ಕನ್ನಡ ಮಾತಾಡಿದೆ?’ ಭಾನುವಾರ ಕಾರ್ಡು ನೋಡಿದರೆ ಎಲ್ಲೆಲ್ಲೂ ಕೆಂಪು ಚುಕ್ಕಿ. ಕೆಂಪು ಎಂದರೆ ಊಟತಿಂಡಿಯ ಮಾತು. ಹಳದಿ, ‘ಎಲ್ಲಿದ್ದೀ, ಯಾವಾಗ ಬರ್ತೀ’. ನೀಲಿ, ಮನಸ್ಸಿನ ಮಾತು. ಅವು ಎರಡೇ ಎರಡು. ಆಫೀಸಿನ ಚಿಂತೆ, ಗೆಳತಿಯ ಜಗಳ, ಮುಂದೇನು ಎಂಬ ಅಂಜಿಕೆ ಎಲ್ಲ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಆಗಿಹೋಗಿದ್ದವು. “ಅಮ್ಮಾ, ನನ್ನ ಕನ್ನಡಕ್ಕ ಬರೇ ಹಸಿವು ಆಗ್ತದ ನೋಡು” ಎಂದು ನಕ್ಕಳು. ನಿಮ್ಮ ಮನೆಗಳಲ್ಲೂ ಇದೇ ಕಾರ್ಡು ಬಂದೀತೆಂದು ನನ್ನ ಅಂದಾಜು.

ಆ ಕಾರ್ಡನ್ನು ಅವಳು ಧಾರವಾಡದ ಅಜ್ಜಿಗೆ ಹಾಕಿದಳು. ಹಿಂದಿನ ಮಗ್ಗುಲಿಗೆ ಬಣ್ಣಗಳ ವಿವರವನ್ನು ಕನ್ನಡದಲ್ಲೇ, ಒತ್ತಕ್ಷರಗಳನ್ನು ನನ್ನಿಂದ ಕೇಳಿ ಕೇಳಿ ಬರೆದಳು. ಅವ್ವನಿಗೆ ಈಗ ಎಂಬತ್ತೊಂದು. ಒಬ್ಬಳೇ ಇರುತ್ತಾಳೆ. ಕಿವಿ ಸ್ವಲ್ಪ ಮಂದ. ಫೋನಿನಲ್ಲಿ ಏನು ಕೇಳಿದರೂ “ಆರಾಮ ಇದ್ದೀನಿ, ನನಗೇನಾಗೇದ” ಎನ್ನುವುದೇ ಉತ್ತರ.

ಹದಿನೈದು ದಿನಕ್ಕೆ ಅಜ್ಜಿಯ ಕಾರ್ಡು ಬಂತು. ಏಳು ಸಾಲು ಚುಕ್ಕಿ, ರಂಗೋಲಿಯಷ್ಟೇ ನೇರ. ಹಿಂದೆ ಬರೆದಿದ್ದಳು: “ಒಂದು ಚುಕ್ಕಿ ಅಂದರೆ ಬಾಗಿಲಿಗೆ ಬಂದು ನನ್ನ ಮಾತಾಡಿಸಿದವರು ಒಬ್ಬರು. ಹಾಲಿನವನ್ನ ಹಿಡಿದಿಲ್ಲ, ಅವ ಮಾತಾಡೂದಿಲ್ಲ.” ಗುರುವಾರ ಐದು ಚುಕ್ಕಿ, ಮಠಕ್ಕೆ ಹೋಗುವವರು ಹಣಿಕಿ ಹಾಕಿದ್ದರು. ಶನಿವಾರ ಮೂರು. ಮಂಗಳವಾರ, ಬುಧವಾರದ ಸಾಲುಗಳಲ್ಲಿ ವಾರದ ಹೆಸರು ಮಾತ್ರ ಇತ್ತು.

ವರ್ಷಗಟ್ಟಲೆ ಫೋನಿನಲ್ಲಿ ಕೇಳಿದ ‘ಆರಾಮ’ದಲ್ಲಿ ಈ ಎರಡು ಖಾಲಿ ಸಾಲುಗಳು ಕಂಡಿರಲಿಲ್ಲ. ಮಗಳು ಬಹಳ ಹೊತ್ತು ಕಾರ್ಡನ್ನು ಹಿಡಿದುಕೊಂಡೇ ಕೂತಿದ್ದಳು. ಈಗ ಮಂಗಳವಾರ ನಾನು ಮಾತಾಡುತ್ತೇನೆ, ಬುಧವಾರ ಅವಳು. ದೊಡ್ಡ ದನಿಯಲ್ಲಿ, ನಿಧಾನವಾಗಿ, ಊಟದ ಮಾತು ಬಿಟ್ಟು ಬೇರೆ ಏನಾದರೂ. ಮೊನ್ನೆ “ಆಫೀಸಿನ್ಯಾಗ ನನಗ ಭಾಳ ಸಂಕಟ ಆತು ಅಜ್ಜಿ” ಎನ್ನುವುದು ಕೇಳಿಸಿತು. ಅಜ್ಜಿ ಏನೋ ಕೇಳಿರಬೇಕು, ಮುಕ್ಕಾಲು ಗಂಟೆ ಮಾತು ನಡೆಯಿತು.

ನೀವೂ ಮಾಡಿ ನೋಡಿ. ಹೊಸ ವಿದ್ಯೆಯೇನೂ ಬೇಡ. ಒಂದು ಸಣ್ಣ ವಿಷಯ ಆರಿಸಿಕೊಳ್ಳಿ, ದೊಡ್ಡದು ಬೇಡ. ‘ನನ್ನ ಜೀವನ’ ಎಣಿಸಲು ಬರುವುದಿಲ್ಲ, ‘ಈ ವಾರ ಕೇಳಿದ ಹಾಡು’ ಬರುತ್ತದೆ. ಒಂದೊಂದರ ಮುಂದೆಯೂ ಯಾರು, ಯಾವಾಗ, ಯಾಕೆ ಎಂದು ಅಲ್ಲಲ್ಲೇ ಬರೆದಿಡಿ. ರಾತ್ರಿ ನೆನಪಿಸಿಕೊಂಡು ಬರೆದರೆ ಮನಸ್ಸು ತನಗೆ ಬೇಕಾದ್ದನ್ನಷ್ಟೇ ಹೇಳುತ್ತದೆ. ಚಿತ್ರ ಬರೆಯಲು ಬರುವುದಿಲ್ಲ ಎನ್ನಬೇಡಿ, ಚುಕ್ಕಿ ಇಡಲು ಬಂದರೆ ಸಾಕು. ವಿವರವನ್ನು ಕನ್ನಡದಲ್ಲಿ ಬರೆಯಿರಿ. ಏಳೆಂಟು ಪದಗಳ ಕೆಲಸ, ಅಕ್ಷರ ಮರೆತವರಿಗೂ ಆದೀತು. ನಮ್ಮ ದೇಶಕ್ಕೆ ಅಂಚೆಕಾರ್ಡು ಬಂದದ್ದು 1879ರ ಜುಲೈ 1ರಂದು, ಕಾಲಾಣೆಗೆ. ಅಂದಿನಿಂದ ಎಷ್ಟೋ ಮನೆಗಳ ಸುಖದುಃಖ ಅಷ್ಟಗಲದ ಕಾಗದದಲ್ಲೇ ಓಡಾಡಿದೆ.

ಕಾರ್ಡನ್ನು ಯಾರಿಗೆ ಹಾಕಬೇಕು ಎಂಬುದನ್ನು ಮಾತ್ರ ಯೋಚಿಸಿ ಆರಿಸಿ. ಉತ್ತರ ಬರೆಯಲು ಪುರಸೊತ್ತು ಇರುವವರು, ಫೋನಿನಲ್ಲಿ ‘ಆರಾಮ’ ಎಂದಷ್ಟೇ ಹೇಳುವವರು ನಿಮ್ಮ ಕುಟುಂಬದಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ಒಂದು ಪ್ರತಿಯನ್ನು ನಮ್ಮ ಸಂಘದ ವಿಳಾಸಕ್ಕೂ ಕಳಿಸಿದರೆ ಸೂಚನಾ ಫಲಕದ ಮೇಲೆ ಹಚ್ಚುತ್ತೇವೆ. ಚೆನ್ನಾಗಿರುವುದಕ್ಕೆ ಬಹುಮಾನವೇನೂ ಇಲ್ಲ. ಗ್ರಂಥಾಲಯದ ಪಕ್ಕದ ಕೋಣೆಯಲ್ಲಿ ಒಂದು ಕಪ್ ಚಹಾ ಖಂಡಿತ ಇದೆ.

ಮುಂದಿನ ತಿಂಗಳು ಮತ್ತೆ ಭೇಟಿಯಾಗೋಣ.

ನಿಮ್ಮ,
ಕಾಕು