ರಾಳದ ಮದ್ದು

ನಾಟಿ ಮದ್ದೆಂದರೆ ಮೂಗು ಮುರಿಯುವವರ ಪಂಗಡಕ್ಕೆ ನಾನು ಸೇರಿದವನಲ್ಲ. ಹಿಮಾಲಯದವರು ಬನ್‌ಕಕ್ಡಿ ಎನ್ನುವ ಮೂಲಿಕೆಯ ಬೇರುಗೆಡ್ಡೆಯ ರಾಳದಲ್ಲಿ ಪೊಡೊಫಿಲೊಟಾಕ್ಸಿನ್ ಎಂಬ ವಸ್ತುವಿದೆ. ಜೀವಕೋಶ ಒಡೆದು ಎರಡಾಗುವುದನ್ನೇ ಅದು ತಡೆಯುತ್ತದೆ. ನರುಲಿಗೆ ಹಚ್ಚುವ ಈ ರಾಳವನ್ನು ಹಾಗೆಯೇ ನುಂಗಿದರೆ ರೋಗಕ್ಕಿಂತ ಮೊದಲು ರೋಗಿಯೇ ಹೋದಾನು, ಅಷ್ಟು ವಿಷ! ರಸಾಯನಜ್ಞರು ಆ ವಸ್ತುವಿನ ರೂಪವನ್ನು ತಿದ್ದಿದ ಮೇಲೆ ಎಟೊಪೊಸೈಡ್ ಹುಟ್ಟಿತು. 1983ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ಶ್ವಾಸಕೋಶದ ಒಂದು ಬಗೆಯ ಕ್ಯಾನ್ಸರಿಗೆ ಇಂದಿಗೂ ಅದನ್ನೇ ಕೊಡುತ್ತಾರೆ.

ಇಷ್ಟನ್ನು ಕೇಳಿದೊಡನೆ ಕೆಲವರು, ‘ನೋಡಿದಿರಾ, ನಮ್ಮ ಮದ್ದೇ ಸಾಕು’ ಎನ್ನುತ್ತಾರೆ. ನನ್ನ ಜಗಳವಿರುವುದು ಇಲ್ಲಿಯೇ. ನನ್ನ ಸೋದರತ್ತೆ ಎದೆಯ ಗಂಟಿಗೆ ಗುಗ್ಗುಳ ಅರೆದು ಹಚ್ಚುತ್ತ ಎಂಟು ತಿಂಗಳು ಕಳೆದರು. ಕೊನೆಗೆ ಆಸ್ಪತ್ರೆಗೆ ಕರೆದೊಯ್ದಾಗ ವೈದ್ಯರು ಕೇಳಿದ ಮೊದಲ ಮಾತು, ‘ಇಷ್ಟು ದಿನ ಎಲ್ಲಿದ್ದಿರಮ್ಮಾ?’