ರಂಧ್ರವುಳ್ಳ ನಳಿಗೆಯೂ ಗುರಿಕಾರನ ಕೈಯೂ

ಪಿಸ್ತೂಲಿನಿಂದ ಗುಂಡು ಹಾರಿದೊಡನೆ ಅದರ ಮೂತಿ ಮೇಲಕ್ಕೆ ಚಿಮ್ಮುವುದು, ನಳಿಗೆಯು ಹಿಡಿದ ಕೈಗಿಂತ ಎತ್ತರದಲ್ಲಿರುವುದರ ಅನಿವಾರ್ಯ ಫಲ. ಇದನ್ನು ತಗ್ಗಿಸಲೆಂದು ನಳಿಗೆಯ ತುದಿಯ ಸಮೀಪದಲ್ಲಿ, ಮೇಲ್ಭಾಗಕ್ಕೆ ಸಣ್ಣ ರಂಧ್ರಗಳನ್ನು ಕೊರೆಯುವ ಪದ್ಧತಿಯೊಂದುಂಟು. ಗುಂಡು ಹೊರಬೀಳುವ ಮುನ್ನವೇ ಮದ್ದಿನ ಅನಿಲದ ಒಂದಂಶವು ಅಲ್ಲಿಂದ ಊರ್ಧ್ವಮುಖವಾಗಿ ಧಾವಿಸಿ, ತನ್ನ ಪ್ರತಿಬಲದಿಂದ ಮೂತಿಯನ್ನು ಕೆಳಕ್ಕೊತ್ತುತ್ತದೆ.

ಇದರ ಪ್ರಯೋಜನವನ್ನು ಅಲ್ಲಗಳೆಯಲಾಗದು. ಒಲಿಂಪಿಕ್ಸಿನ ರ‍್ಯಾಪಿಡ್ ಫೈರ್ ಸ್ಪರ್ಧೆಯಲ್ಲಿ 25 ಮೀಟರ್ ದೂರದ ಐದು ಗುರಿಗಳಿಗೆ ಮೊದಲು 8, ಬಳಿಕ 6, ಕಡೆಗೆ 4 ಸೆಕೆಂಡುಗಳೊಳಗೆ ಒಂದೊಂದು ಗುಂಡನ್ನು ಹೊಡೆಯಬೇಕಾದ ಗುರಿಕಾರನಿಗೆ, ಮೂತಿ ಕದಲದಿರುವುದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ. ಆದರೆ 2004ರ ಅಥೆನ್ಸ್ ಕೂಟದ ಬಳಿಕ ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟವು .22 ಷಾರ್ಟ್ ಗುಂಡನ್ನೂ ರಂಧ್ರವುಳ್ಳ ನಳಿಗೆಯನ್ನೂ ಈ ಸ್ಪರ್ಧೆಯಿಂದ ಹೊರಗಿಟ್ಟಿತು. ಅದು ಯೋಗ್ಯ ನಿರ್ಣಯವೆಂದೇ ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಅಲ್ಲಿ ಪರೀಕ್ಷೆಗೊಳಗಾಗಬೇಕಾದುದು ಮಣಿಕಟ್ಟಿನ ಸ್ಥೈರ್ಯವೇ ಹೊರತು ಯಂತ್ರಕಾರನ ಚಾತುರ್ಯವಲ್ಲ. ಹಳೆಯ ನಿಯಮದಡಿಯಲ್ಲಿ 1992, 1996, 2004ರಲ್ಲಿ ಸ್ವರ್ಣವನ್ನು ಗೆದ್ದಿದ್ದ ಜರ್ಮನಿಯ ರಾಲ್ಫ್ ಶೂಮಾನ್, ಹೊಸ ನಿಯಮದಡಿಯಲ್ಲಿ 2008ರ ಬೀಜಿಂಗಿನಲ್ಲಿಯೂ ಬೆಳ್ಳಿಯನ್ನು ಪಡೆದರು. ನಿಯಮ ಬದಲಾದರೂ ನೈಜ ಕೌಶಲ ಕುಂದಲಿಲ್ಲ.

ಆತ್ಮರಕ್ಷಣೆಯ ಪಿಸ್ತೂಲಿನಲ್ಲಾದರೋ ದೋಷಗಳೇ ಎದ್ದು ಕಾಣುತ್ತವೆ. ಕತ್ತಲಲ್ಲಿ ಹೊಡೆದಾಗ ರಂಧ್ರಗಳಿಂದೇಳುವ ಜ್ವಾಲೆ ಗುರಿನೋಟಕ್ಕೆ ಅಡ್ಡವಾಗಿ ಕ್ಷಣಕಾಲ ಕಣ್ಣನ್ನು ಮಂಕಾಗಿಸಬಲ್ಲುದು. ಎದುರಾಳಿಯು ಮೈಮೇಲೆಯೇ ಬಂದಾಗ ಪಿಸ್ತೂಲನ್ನು ದೇಹಕ್ಕೊತ್ತಿ ಹೊಡೆಯಬೇಕಾದವನ ಮುಖಕ್ಕೆ ಸುಡುವ ಅನಿಲವೂ ಕಣಗಳೂ ಎರಗುವ ಅಪಾಯವಂತೂ ಇನ್ನೂ ಘೋರ. ಸದ್ದು ಹೆಚ್ಚುತ್ತದೆ, ಗುಂಡಿನ ವೇಗ ತುಸು ಇಳಿಯುತ್ತದೆ, ಮಸಿ ಕಟ್ಟಿದ ರಂಧ್ರಗಳನ್ನು ಶುಚಿಗೊಳಿಸುವ ಶ್ರಮವೂ ಸೇರುತ್ತದೆ. ಹೊದಿಕೆಯಿಲ್ಲದ ಸೀಸದ ಗುಂಡಾದರೆ ರಂಧ್ರದ ಅಂಚು ಅದನ್ನು ಕೆರೆಯುವುದೂ ಉಂಟು.

ಹಾಗೆಂದು ಇವನ್ನು ಸರ್ವತ್ರ ನಿಷೇಧಿಸಬೇಕೆಂದು ನಾನು ಹೇಳಲಾರೆ. ಪ್ರಾಯೋಗಿಕ ಶೂಟಿಂಗಿನ ಐಪಿಎಸ್‌ಸಿ ಒಕ್ಕೂಟವು ತನ್ನ ಓಪನ್ ವಿಭಾಗದಲ್ಲಿ ಇವಕ್ಕೆ ಎಡೆಗೊಟ್ಟು, ಪ್ರೊಡಕ್ಷನ್ ವಿಭಾಗದಲ್ಲಿ ನಿರಾಕರಿಸಿದೆ. ಸಮಾನ ಸಾಧನದವರು ಸಮಾನರೊಡನೆ ಸೆಣಸುವ ಈ ಏರ್ಪಾಡು ನ್ಯಾಯವಾದುದು. ಒಲಿಂಪಿಕ್ಸಿನ ನಿಷೇಧವನ್ನು ಮಾತ್ರ ಎಂದಿಗೂ ಸಡಿಲಿಸಕೂಡದು. 2012ರ ಲಂಡನ್ ಕೂಟದಲ್ಲಿ ನಮ್ಮ ಸೈನ್ಯದ ವಿಜಯ್ ಕುಮಾರ್ ಇದೇ ಸ್ಪರ್ಧೆಯಲ್ಲಿ ಬೆಳ್ಳಿಯ ಪದಕವನ್ನು ಗೆದ್ದುದು ರಂಧ್ರವಿಲ್ಲದ ನಳಿಗೆಯ ಪಿಸ್ತೂಲಿನಿಂದಲೇ.